ಊರಿನ ಕಥೆ ಕೇಳಿದ ಸರ್ವೆ ಸಾಹೇಬರು: ಕರ್ನಲ್ ಕಾಲಿನ್ ಮೆಕೆಂಜಿ ಮತ್ತು ಅವರ ಜೊತೆಗಾರರು

ಎಲ್ಲರಿಗೂ ನಮಸ್ಕಾರ.

ಕರ್ನಾಟಕದ ಯಾವುದಾದರೂ ಹಳೆಯ ಪಾಳೆಯಪಟ್ಟಿನ ಇತಿಹಾಸ ತೆಗೆದು ನೋಡಿ. ಚಿತ್ರದುರ್ಗ ಇರಲಿ, ಕೆಳದಿ ಇರಲಿ. ಸ್ವಲ್ಪ ದೂರ ಓದುವಷ್ಟರಲ್ಲಿ ಅಡಿಟಿಪ್ಪಣಿಯಲ್ಲಿ ಒಂದು ಹೆಸರು ಸಿಗುತ್ತದೆ: ಮೆಕೆಂಜಿ ಸಂಗ್ರಹ. ಸಂಶೋಧನೆ ಮಾಡುವವರಿಗೆ ಇದು ದಿನನಿತ್ಯದ ಹೆಸರು. ಆದರೆ ಆ ಮನುಷ್ಯ ಯಾರು, ಅಷ್ಟೊಂದು ಕಾಗದ ಏಕೆ ಕೂಡಿಟ್ಟರು, ಯಾರ ಕೈಯಿಂದ ಕೂಡಿಸಿದರು ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಇವತ್ತು ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೆಕೆಂಜಿ ಅವರಿಗೆ ಕನ್ನಡ ಬರುತ್ತಿರಲಿಲ್ಲ. ತೆಲುಗು, ತಮಿಳು, ಮರಾಠಿ, ಸಂಸ್ಕೃತ ಯಾವುದೂ ಬರುತ್ತಿರಲಿಲ್ಲ. 38 ವರ್ಷ ಈ ದೇಶದಲ್ಲಿದ್ದು, ದಕ್ಷಿಣ ಭಾರತದ ಚರಿತ್ರೆಯ ಅತಿ ದೊಡ್ಡ ಕಾಗದರಾಶಿ ಕೂಡಿಸಿದವರಿಗೆ ಅದರ ಮೂಲದ ಒಂದು ಪುಟವನ್ನೂ ಸ್ವತಃ ಓದಲು ಆಗುತ್ತಿರಲಿಲ್ಲ. ಹಾಗಾದರೆ ಅವರು ಮಾಡಿದ್ದೇನು? ಸರಿಯಾದ ಪ್ರಶ್ನೆ ಕೇಳಿದರು. ಉತ್ತರ ತರಬಲ್ಲ ಜನರನ್ನು ಹುಡುಕಿದರು, ಅವರನ್ನು ನಂಬಿದರು. ಬಂದ ಉತ್ತರವನ್ನು ಎಸೆಯದೆ ಇಟ್ಟುಕೊಂಡರು. ನನ್ನ ಪ್ರಕಾರ ಅವರ ದೊಡ್ಡತನ ಇರುವುದು ಇಲ್ಲೇ. ಅವರ ಬಗ್ಗೆ ಮಾತಾಡುವಾಗ ಆ ಜನರನ್ನು ಬಿಟ್ಟು ಮಾತಾಡಿದರೆ ಅರ್ಧ ಕಥೆ ಮಾತ್ರ ಹೇಳಿದಂತೆ.

ಮೆಕೆಂಜಿ ಹುಟ್ಟಿದ್ದು 1754ರ ಸುಮಾರಿಗೆ, ಸ್ಕಾಟ್‌ಲೆಂಡಿನ ವಾಯವ್ಯಕ್ಕೆ ಸಮುದ್ರದ ಮಧ್ಯೆ ಇರುವ ಲೂಯಿಸ್ ದ್ವೀಪದಲ್ಲಿ. ಊರು ಸ್ಟೋರ್ನೊವೇ. ಶ್ರೀಮಂತ ಮನೆತನವೇನಲ್ಲ. ಹುಡುಗನಿಗೆ ಗಣಿತ ಚೆನ್ನಾಗಿ ಬರುತ್ತಿತ್ತು. ಬೆಳೆದ ಮೇಲೆ ಅಲ್ಲೇ ಬಂದರಿನ ಸುಂಕದ ಕಚೇರಿಯಲ್ಲಿ ಕೆಲಸ ಮಾಡಿದರು. ಮೂವತ್ತರ ಹತ್ತಿರ ಬಂದಾಗ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು 1783ರಲ್ಲಿ ಮದ್ರಾಸಿಗೆ ಬಂದಿಳಿದರು. ಆ ಕಾಲದಲ್ಲಿ ಕಂಪನಿ ಸೇರುವವರು ಹದಿನಾರು, ಹದಿನೇಳರ ಹುಡುಗರು. ಇವರು ತಡವಾಗಿ ಬಂದವರು. ಮತ್ತೆ ತಮ್ಮ ಊರಿಗೆ ವಾಪಸು ಹೋಗಲೇ ಇಲ್ಲ.

ಬರುವಾಗಲೇ ತಲೆಯಲ್ಲಿ ಒಂದು ಹುಳ ಇತ್ತು. ಲಾಗರಿದಂ ಕಂಡುಹಿಡಿದ ಜಾನ್ ನೇಪಿಯರ್ ಹೆಸರು ಕೇಳಿದ್ದೀರಲ್ಲ, ಅದೇ ವಂಶದ ಲಾರ್ಡ್ ನೇಪಿಯರ್ ಒಬ್ಬರು ತಮ್ಮ ಹಿರಿಯರ ಜೀವನಚರಿತ್ರೆ ಬರೆಯುವ ತಯಾರಿಯಲ್ಲಿದ್ದರು. ಅದಕ್ಕೆ ಹಿಂದೂಗಳ ಗಣಿತದ ಬಗ್ಗೆ ಮಾಹಿತಿ ಬೇಕಿತ್ತು. ಆ ಕೆಲಸದಲ್ಲಿ ಮೆಕೆಂಜಿ ಕೈಜೋಡಿಸಿದ್ದರು. ನೇಪಿಯರ್ ಅವರ ಮಗಳು ಹೆಸ್ಟರ್ ಜಾನ್‌ಸ್ಟನ್ ಆಗ ಮದುರೆಯಲ್ಲಿದ್ದರು. ಮೆಕೆಂಜಿ ಅಲ್ಲಿಗೂ ಹೋದರು, ಅಲ್ಲಿನ ಪಂಡಿತರ ಜೊತೆ ಮಾತಾಡಿದರು. ಈ ದೇಶದ ಹಳೆಯ ವಿದ್ಯೆ, ಹಳೆಯ ಚರಿತ್ರೆ ಕೂಡಿಸಬೇಕು ಅನ್ನುವ ಆಸೆ ಅಲ್ಲಿ ಗಟ್ಟಿಯಾಯಿತು.

ಆದರೆ ಆಸೆ ಬೇರೆ, ಕೆಲಸ ಬೇರೆ. ಮೆಕೆಂಜಿ ಸೈನಿಕ ಇಂಜಿನಿಯರು. ಟಿಪ್ಪು ವಿರುದ್ಧದ ಮೂರನೆಯ ಯುದ್ಧ, ಪಾಂಡಿಚೇರಿಯ ಮುತ್ತಿಗೆ, ಆಮೇಲೆ ಸಿಲೋನಿನಲ್ಲಿ ಡಚ್ಚರ ವಿರುದ್ಧ ಕೊಲಂಬೊ. ವರ್ಷಗಳು ಹೀಗೇ ಕಳೆದವು. ನಡುವೆ ನಿಜಾಮರ ಸೀಮೆಯಲ್ಲಿ ನಕ್ಷೆ ಮಾಡುವ ಕೆಲಸ. 1817ರಲ್ಲಿ ಅವರು ಹೆಸ್ಟರ್ ಅವರ ಮಗ ಅಲೆಕ್ಸಾಂಡರ್ ಜಾನ್‌ಸ್ಟನ್ ಅವರಿಗೆ ಒಂದು ದೀರ್ಘ ಪತ್ರ ಬರೆದರು. ಅವರ ಜೀವನದ ಬಗ್ಗೆ ನಮಗೆ ಗೊತ್ತಿರುವ ಬಹಳಷ್ಟು ಆ ಪತ್ರದಿಂದಲೇ ಬಂದದ್ದು. ಭಾರತದಲ್ಲಿ ಕಳೆದ ಮೊದಲ ಹದಿಮೂರು ವರ್ಷ ಈ ಕೆಲಸದ ಮಟ್ಟಿಗೆ ಬಹುತೇಕ ಲೆಕ್ಕಕ್ಕಿಲ್ಲ ಎಂದು ಅದರಲ್ಲಿ ಅವರೇ ಹೇಳಿಕೊಂಡಿದ್ದಾರೆ. ಸಣ್ಣ ಹುದ್ದೆ, ಕಡಿಮೆ ಸಂಬಳ, ಅಲೆದಾಟ, ಎಲ್ಲಕ್ಕಿಂತ ಮುಖ್ಯವಾಗಿ ಭಾಷೆ ಬರದು. ನೋಡುತ್ತಿದ್ದರು, ಆದರೆ ನೋಡಿದ್ದರ ಅರ್ಥ ಹೇಳುವವರು ಪಕ್ಕದಲ್ಲಿ ಇರಲಿಲ್ಲ.

ಅಂಥವರು ಸಿಕ್ಕಿದ್ದು 1796ರ ಸುಮಾರಿಗೆ. ಹೆಸರು ಕಾವಲಿ ವೆಂಕಟ ಬೋರಯ್ಯ. ಆಂಧ್ರದ ಏಲೂರಿನ ತೆಲುಗು ಬ್ರಾಹ್ಮಣರ ಮನೆಯ ಹುಡುಗ. ಆಗಿನ್ನೂ ಇಪ್ಪತ್ತು ದಾಟಿರಲಿಲ್ಲ. ತೆಲುಗು, ಸಂಸ್ಕೃತ, ಹಿಂದೂಸ್ತಾನಿ, ಇಂಗ್ಲಿಷ್ ಎಲ್ಲದರಲ್ಲೂ ಪಳಗಿದವರು. ಮೆಕೆಂಜಿ ಇವರನ್ನು ದುಭಾಷಿಯಾಗಿ ಇಟ್ಟುಕೊಂಡರು. ಆದರೆ ಬೋರಯ್ಯ ಬರೀ ದುಭಾಷಿಯಾಗಿ ಉಳಿಯಲಿಲ್ಲ. ಯಾವ ಊರಿನಲ್ಲಿ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು, ಯಾವ ಕಾಗದಕ್ಕೆ ಬೆಲೆ ಇದೆ, ಯಾವುದಕ್ಕೆ ಇಲ್ಲ, ಇದೆಲ್ಲವನ್ನೂ ತೀರ್ಮಾನಿಸುವವರು ಅವರೇ ಆದರು. ಈ ದೇಶದ ವಿದ್ಯೆಯ ಬಾಗಿಲೊಳಗೆ ತಾನು ಇಟ್ಟ ಮೊದಲ ಹೆಜ್ಜೆ ಈ ಒಬ್ಬ ವ್ಯಕ್ತಿಯ ಪರಿಚಯದಿಂದ ಎಂದು ಮೆಕೆಂಜಿ ಅದೇ ಪತ್ರದಲ್ಲಿ ಬರೆದಿದ್ದಾರೆ. ಬೋರಯ್ಯ ತೀರಿಕೊಂಡು ಹದಿನಾಲ್ಕು ವರ್ಷ ಆದ ಮೇಲೆ ಬರೆದ ಮಾತು ಅದು. ಕಂಪನಿಯ ಒಬ್ಬ ಅಧಿಕಾರಿ ಆ ಕಾಲದಲ್ಲಿ ಒಬ್ಬ ದೇಶೀಯ ನೌಕರನ ಬಗ್ಗೆ ಹೀಗೆ ಬಾಯಿಬಿಟ್ಟು ಹೇಳುವುದು ಅಪರೂಪ.

ಈಗ ಮೈಸೂರಿಗೆ ಬರೋಣ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮುತ್ತಿಗೆ ಹಾಕಿದ ಸೈನ್ಯದಲ್ಲಿ ಮೆಕೆಂಜಿ ಇಂಜಿನಿಯರಾಗಿ ಇದ್ದರು. ಇದನ್ನು ಮುಚ್ಚಿಟ್ಟು ಅವರ ಗುಣಗಾನ ಮಾಡುವುದು ಸರಿಯಲ್ಲ. ಕೋಟೆ ಒಡೆಯಲು ಬಂದವರೇ ಆಮೇಲೆ ಊರು ಅಳೆಯಲು ಬಂದರು. ಟಿಪ್ಪು ಸೀಮೆಯನ್ನು ಕಂಪನಿ, ನಿಜಾಮರು, ಮೈಸೂರು ಒಡೆಯರು ಅಂತ ಹಂಚಿದರು. ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರು ಗಾದಿಗೆ ಬಂದರು, ಪೂರ್ಣಯ್ಯನವರು ದಿವಾನರಾದರು. ಕಾಗದದ ಮೇಲೆ ಹಂಚುವುದು ಸುಲಭ. ಆದರೆ ಇಂಥ ಹಳ್ಳಿ ಯಾವ ಹೋಬಳಿಗೆ ಸೇರಿದ್ದು, ಈ ಹೊಲದ ಆಚೆ ಯಾರ ಸೀಮೆ, ಈ ಬೆಟ್ಟ ಯಾರದು ಅಂತ ನೆಲದ ಮೇಲೆ ತೋರಿಸುವವರು ಯಾರು? ಅದಕ್ಕಾಗಿ ಮೈಸೂರು ಸರ್ವೆ ಶುರುವಾಯಿತು. ಅದರ ಮುಖ್ಯಸ್ಥರಾಗಿ ಮೆಕೆಂಜಿ ನೇಮಕವಾದರು. ಮುಂದಿನ ಹತ್ತು ವರ್ಷದ ಹತ್ತಿರ ಅವರ ಬದುಕು ಈ ನಮ್ಮ ನೆಲದ ಮೇಲೆಯೇ ಕಳೆಯಿತು.

ಸರ್ವೆ ಅಂದರೆ ಏನು ಮಾಡುತ್ತಿದ್ದರು? ಸಮತಟ್ಟಾದ ಜಾಗದಲ್ಲಿ ಸರಪಳಿ ಹಿಡಿದು ಒಂದು ಗೆರೆಯನ್ನು ಬಹಳ ಜೋಪಾನವಾಗಿ ಅಳೆಯುತ್ತಿದ್ದರು. ಆ ಗೆರೆಯ ಎರಡು ತುದಿಯಿಂದ ಒಂದು ಬೆಟ್ಟದ ಮೇಲಿನ ಬಾವುಟವನ್ನು ಥಿಯೊಡೊಲೈಟ್‌ನಲ್ಲಿ ನೋಡಿ ಕೋನ ಬರೆದುಕೊಳ್ಳುತ್ತಿದ್ದರು. ತ್ರಿಕೋನದ ಲೆಕ್ಕದಿಂದ ಬೆಟ್ಟ ಎಷ್ಟು ದೂರ ಇದೆ ಅನ್ನುವುದು ಸಿಗುತ್ತಿತ್ತು. ಆ ಬೆಟ್ಟದಿಂದ ಮತ್ತೊಂದು ಬೆಟ್ಟ. ಹೀಗೆ ಇಡೀ ಸೀಮೆ. ಅದೇ ವರ್ಷಗಳಲ್ಲಿ ಲ್ಯಾಂಬ್ಟನ್ ಎಂಬ ಮತ್ತೊಬ್ಬ ಅಧಿಕಾರಿ ಬೆಂಗಳೂರಿನ ಹತ್ತಿರ ತಮ್ಮ ಮಹಾ ತ್ರಿಕೋನಮಾಪನದ ಮೊದಲ ಹೆಜ್ಜೆ ಇಟ್ಟಿದ್ದರು. ಲ್ಯಾಂಬ್ಟನ್ ಅವರಿಗೆ ಭೂಮಿಯ ಆಕಾರ ತಿಳಿಯಬೇಕಿತ್ತು. ಮೆಕೆಂಜಿ ಅವರಿಗೆ ತಿಳಿಯಬೇಕಿದ್ದದ್ದು ಅದರ ಮೇಲೆ ಬದುಕುವವರ ವಿಷಯ: ಊರೆಷ್ಟು, ಮನೆಯೆಷ್ಟು, ಕೆರೆಯೆಷ್ಟು, ಯಾವ ಜಾತಿಯವರು, ಏನು ಬೆಳೆಯುತ್ತಾರೆ, ಮೊದಲು ಯಾರ ಆಳ್ವಿಕೆ ಇತ್ತು.

ಅವರ ಕೈಕೆಳಗೆ ಇದ್ದ ಸರ್ವೆಯವರಲ್ಲಿ ಹೆಚ್ಚಿನವರು ಮದ್ರಾಸಿನ ಸರ್ವೆ ಶಾಲೆಯಲ್ಲಿ ಕಲಿತ ಆಂಗ್ಲೋ ಇಂಡಿಯನ್ ಹುಡುಗರು. 1794ರಲ್ಲಿ ಶುರುವಾದ ಶಾಲೆ ಅದು. ಜ್ವರದ ಸೀಮೆಗಳಲ್ಲಿ ಅವರು ಪಟ್ಟ ಪಾಡು ಕಡಿಮೆಯಲ್ಲ. ಸರ್ವೆ ಇನ್ನೂ ಕಣ್ಣು ಬಿಡುತ್ತಿರುವಾಗಲೇ ಲಂಡನ್ನಿನ ನಿರ್ದೇಶಕರು ಖರ್ಚು ಜಾಸ್ತಿಯಾಯಿತು ಅಂತ ಹಣಕ್ಕೆ ಕತ್ತರಿ ಹಾಕಿದರು. ಆದರೂ ಕೆಲಸ ನಿಲ್ಲಲಿಲ್ಲ. ಕೊನೆಗೆ 40,000 ಚದರ ಮೈಲಿಗೂ ಹೆಚ್ಚು ಪ್ರದೇಶದ ನಕ್ಷೆ, ಜೊತೆಗೆ ಏಳು ಸಂಪುಟಗಳ ವಿವರಣೆ ತಯಾರಾಯಿತು.

ಇದು ಸಂಬಳದ ಕೆಲಸ. ಚರಿತ್ರೆಯ ಕಾಗದ ಕೂಡಿಸುವುದು ಸಂಬಳದ ಕೆಲಸ ಆಗಿರಲಿಲ್ಲ. ಅದಕ್ಕೆ ಇಟ್ಟುಕೊಂಡ ಜನರಿಗೆ ಮೆಕೆಂಜಿ ಬಹುಪಾಲು ತಮ್ಮ ಜೇಬಿನಿಂದಲೇ ಕೊಟ್ಟರು. ಹಾಗಂತ ಎರಡೂ ಬೇರೆ ಬೇರೆ ಅಂತ ತಿಳಿಯಬೇಡಿ. ಗಡಿ ಗುರುತಿಸಬೇಕಾದರೆ ಹಳೆಯ ದಾಖಲೆ ಬೇಕು. ಹಳೆಯ ದಾಖಲೆ ಇರುವುದು ಶಾನುಭೋಗರ ಮನೆಯಲ್ಲಿ. ಶಾನುಭೋಗರ ಹತ್ತಿರ ಬರೀ ಲೆಕ್ಕ ಇರುವುದಿಲ್ಲ, ಊರು ಹುಟ್ಟಿದ ಕಥೆಯೂ ಇರುತ್ತದೆ. ಗಡಿ ಕೇಳಲು ಹೋದವರಿಗೆ ಚರಿತ್ರೆ ಸಿಕ್ಕಿತು.

ಆ ಶಾನುಭೋಗರ ಕಡತವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇವತ್ತು ನಾವು ಸರ್ಕಾರಿ ಫೈಲಿಗೆ ಕಡತ ಅನ್ನುತ್ತೇವೆ. ಆಗಿನ ಕಡತ ಬಟ್ಟೆಯದು. ಅಗಲ ಒಂದು ಅಡಿಯ ಒಳಗೆ, ಉದ್ದ ಹತ್ತಾರು ಅಡಿ. ಅದಕ್ಕೆ ಇದ್ದಿಲ ಪುಡಿ ಬೆರೆಸಿದ ಅಂಟನ್ನು ಎರಡೂ ಕಡೆ ಬಳಿದು ಒಣಗಿಸುತ್ತಿದ್ದರು. ಒಣಗಿದರೆ ಕರಿ ಹಲಗೆಯ ಹಾಗೆ ಗಟ್ಟಿ. ಅದನ್ನು ಹಿಂದಕ್ಕೆ ಮುಂದಕ್ಕೆ ಮಡಚಿ ಪುಸ್ತಕದ ಹಾಗೆ ಮಾಡಿ, ಎರಡು ತುದಿಗೂ ಮರದ ಹಲಗೆ ಅಂಟಿಸುತ್ತಿದ್ದರು. ಬರೆಯುವುದು ಬಳಪದಲ್ಲಿ. ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದು. ಒರೆಸದೆ ಜೋಪಾನವಾಗಿ ಇಟ್ಟರೆ ತಲೆಮಾರುಗಟ್ಟಲೆ ಬಾಳುತ್ತದೆ. ಈ ಕಪ್ಪು ಬಟ್ಟೆಯ ಮೇಲೆ ಕಂದಾಯದ ಲೆಕ್ಕ, ಇನಾಮು ಜಮೀನಿನ ವಿವರ, ಗೌಡಿಕೆ ಯಾರಿಂದ ಯಾರಿಗೆ ಬಂತು, ಯಾವ ವರ್ಷ ಕೆರೆ ಒಡೆಯಿತು, ಯಾವ ದಂಡು ಊರಿನ ಮೇಲೆ ಬಂತು, ಎಲ್ಲವೂ ಒಟ್ಟೊಟ್ಟಿಗೆ. ಅದನ್ನು ಬರೆದವರಿಗೆ ಅದು ಚರಿತ್ರೆ ಅನ್ನಿಸಿರಲಿಕ್ಕಿಲ್ಲ, ಊರು ನಡೆಸಲು ಬೇಕಾದ ಕಾಗದ ಅಷ್ಟೇ. ಮೆಕೆಂಜಿ ಕಡೆಯವರು ಇಂಥವುಗಳಿಂದ ನಕಲು ಮಾಡಿಸಿದರು. ಕಡತ ಇಲ್ಲದ ಕಡೆ ಊರಿನ ಹಿರಿಯರನ್ನು ಕೂರಿಸಿ ಕೇಳಿ ಬರೆದುಕೊಂಡರು. ಹೀಗೆ ಬಂದವೇ ಕೈಫಿಯತ್ತುಗಳು ಅಂದರೆ ಊರು, ಮನೆತನಗಳ ವೃತ್ತಾಂತಗಳು, ವಂಶಾವಳಿಗಳು, ಬಖೈರುಗಳು ಅಂದರೆ ಗದ್ಯದಲ್ಲಿ ಬರೆದ ಚರಿತ್ರೆಗಳು.

ಕಲ್ಲುಗಳ ಕಡೆಗೂ ಇವರ ಕಣ್ಣು ಹೋಯಿತು. ಶಾಸನ ಇರುವ ಕಲ್ಲಿನ ಎದುರು ಕೂತು, ಅಕ್ಷರ ಅಕ್ಷರ ನೋಡಿ, ಕೈಯಲ್ಲೇ ನಕಲು ಬರೆದುಕೊಳ್ಳುವುದು. ಹಳಗನ್ನಡ ಲಿಪಿಯ ಹಳೆಯ ಕಲ್ಲುಗಳನ್ನು ಓದುವ ದಾರಿ ಹುಡುಕಿದವರಲ್ಲಿ ಬೋರಯ್ಯನವರ ಹೆಸರು ಬಹಳ ಮುಂದೆ ಬರುತ್ತದೆ. ಆಮೇಲೆ ಕೂಡಿದ ಲೆಕ್ಕ ನೋಡಿದರೆ ಮೆಕೆಂಜಿ ಸಂಗ್ರಹದಲ್ಲಿ 8,076 ಶಾಸನಗಳ ನಕಲುಗಳಿವೆ. ಬಿ. ಎಲ್. ರೈಸ್ ಅವರ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ಬಂದದ್ದು 1886ರಲ್ಲಿ. ಅದಕ್ಕೂ ಸುಮಾರು ಎಂಬತ್ತು ವರ್ಷ ಮೊದಲು ಈ ಕೆಲಸ ನಡೆದಿತ್ತು. ನಕಲುಗಳಲ್ಲಿ ತಪ್ಪುಗಳಿವೆ, ಅಚ್ಚು ತೆಗೆಯುವ ವಿಧಾನ ಆಗ ಇರಲಿಲ್ಲ. ಆದರೆ ಊರ ಬಾಗಿಲಲ್ಲಿ ನಿಂತ ಒಂದು ಕಲ್ಲು ಭೂಮಿಯ ಹಕ್ಕಿನ ಪತ್ರವೂ ಹೌದು, ಚರಿತ್ರೆಯ ಸಾಕ್ಷಿಯೂ ಹೌದು ಅಂತ ಈ ತಂಡ ಅರ್ಥ ಮಾಡಿಕೊಂಡಿತ್ತು. ತಾವು ಕಂಡುಕೊಂಡ ಮುಖ್ಯ ಸಂಗತಿಗಳನ್ನು ಮೆಕೆಂಜಿ 1817ರ ಪತ್ರದಲ್ಲಿ ಪಟ್ಟಿ ಮಾಡುತ್ತಾರೆ. ಅದರಲ್ಲಿ ವೀರಗಲ್ಲು ಮತ್ತು ಮಾಸ್ತಿಗಲ್ಲುಗಳ ಹೆಸರು ಇದೆ, ಅದೂ ನಮ್ಮ ಮಾತಿನಲ್ಲೇ. ಹೊಲದ ಬದುವಿನಲ್ಲಿ ಬಿದ್ದ ಕಲ್ಲನ್ನು ಹಳೆಯ ಜನರ ನಡವಳಿಕೆ ತಿಳಿಸುವ ಸಾಕ್ಷಿ ಅಂತ ನೋಡಿದ್ದಾರಲ್ಲ, ನನಗೆ ಅದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ಜೈನರ ವಿಷಯವೂ ಹಾಗೇ. ಜೈನ ಧರ್ಮ ಬೌದ್ಧ ಧರ್ಮಕ್ಕಿಂತ ಬೇರೆ ಅನ್ನುವುದು ಯುರೋಪಿನ ವಿದ್ವಾಂಸರಿಗೆ ಆಗ ಸ್ಪಷ್ಟವಿರಲಿಲ್ಲ. ನಮ್ಮ ಕಡೆಯ ಒಬ್ಬ ಜೈನ ಪುರೋಹಿತರನ್ನು ಕೇಳಿ ಬರೆದುಕೊಂಡು, ಬೋರಯ್ಯ ಇಂಗ್ಲಿಷಿಗೆ ತಂದ ಲೇಖನವೊಂದು 1807ರಲ್ಲಿ ಏಷಿಯಾಟಿಕ್ ರಿಸರ್ಚಸ್ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಯಿತು. ಲೇಖನದ ತಲೆಬರಹದಲ್ಲೇ ಅನುವಾದಕರಾಗಿ ಬೋರಯ್ಯನವರ ಹೆಸರಿದೆ. ಆದರೆ ಅಷ್ಟು ಹೊತ್ತಿಗೆ ಅವರು ಬದುಕಿರಲಿಲ್ಲ. 1803ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡಿದ್ದರು. ಅವರ ಜಾಗಕ್ಕೆ ತಮ್ಮ ಕಾವಲಿ ಲಕ್ಷ್ಮಯ್ಯ ಬಂದರು. ಮತ್ತೊಬ್ಬ ತಮ್ಮ ರಾಮಸ್ವಾಮಿಯವರೂ ಈ ಕೆಲಸದಲ್ಲಿ ಸೇರಿಕೊಂಡರು.

ಕನ್ನಡದ ಮಟ್ಟಿಗೆ ಇನ್ನೊಂದು ಹೆಸರು ಹೇಳಲೇಬೇಕು. ಚಾಮರಾಜನಗರದ ಕಡೆ ಮಲೆಯೂರಿನ ಕನಕಗಿರಿ ಇದೆಯಲ್ಲ, ಅಲ್ಲಿನ ದೇವಚಂದ್ರ. ಸರ್ವೆಗೆ ಬಂದ ಮೆಕೆಂಜಿ ಅಲ್ಲಿನ ಸ್ಥಳದ ಕಥೆ ಕೇಳಿದಾಗ ಹೇಳಿದವರು, ಬರೆದುಕೊಟ್ಟವರು ಇವರು. ಇದನ್ನು ದೇವಚಂದ್ರ ತಾವೇ ದಾಖಲಿಸಿದ್ದಾರೆ. ಮುಂದೆ ಇದೇ ದೇವಚಂದ್ರ ಮೈಸೂರು ಅರಮನೆಯ ದೇವೀರಮ್ಮಣ್ಣಿಯವರಿಗಾಗಿ ರಾಜಾವಳಿ ಕಥೆ ಬರೆದರು. ನಮ್ಮಲ್ಲಿ ಜೈನ ಪರಂಪರೆಯ ಚರಿತ್ರೆ, ಕವಿಗಳ ಸಂಗತಿ ಹುಡುಕುವವರು ಇವತ್ತಿಗೂ ಆ ಪುಸ್ತಕದ ಹತ್ತಿರ ಹೋಗುತ್ತಾರೆ. ಒಬ್ಬ ಸರ್ವೆ ಅಧಿಕಾರಿ ಕೇಳಿದ ಪ್ರಶ್ನೆ ಒಬ್ಬ ಕನ್ನಡ ಲೇಖಕನ ಮನಸ್ಸಿನಲ್ಲಿ ಕೂತು, ವರ್ಷಗಳ ಮೇಲೆ ಪುಸ್ತಕವಾಯಿತು ಅಂತ ನಾನು ತಿಳಿಯುತ್ತೇನೆ. ಪ್ರಶ್ನೆಗೂ ಅಷ್ಟು ಶಕ್ತಿ ಇರುತ್ತದೆ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಈ ಕೈಫಿಯತ್ತುಗಳನ್ನು ಎಷ್ಟು ನಂಬಬೇಕು?

ಆಗಿನ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ಟಿಪ್ಪು ಹೋಗಿ ಒಂದೆರಡು ವರ್ಷ ಆಗಿದೆ. ಕಂಪನಿ ಸಾಹೇಬರ ಕಡೆಯ ಒಬ್ಬ ಪಂಡಿತರು ಬಂದು ದೇವಸ್ಥಾನದ ಜಗಲಿಯಲ್ಲಿ ಕೂತು ಕೇಳುತ್ತಾರೆ: ನಿಮ್ಮೂರಿನ ಇನಾಮು ಯಾರು ಕೊಟ್ಟದ್ದು? ತಾಮ್ರಶಾಸನ ಇದೆಯಾ? ಮೊದಲು ಇಲ್ಲಿ ಯಾವ ನಾಯಕರು ಇದ್ದರು? ಜನ ಏನಂದುಕೊಳ್ಳುತ್ತಾರೆ? ಇವರು ಸುಮ್ನೆ ಕಥೆ ಕೇಳಲು ಬಂದಿಲ್ಲ, ಕಂದಾಯ ಏರಿಸಲು ಬಂದಿದ್ದಾರೆ, ಇನಾಮು ಕಿತ್ತುಕೊಳ್ಳಲು ಬಂದಿದ್ದಾರೆ ಅಂತಲೇ ಅಲ್ವಾ? ಎಷ್ಟೋ ಕಡೆ ಜನ ತಾಮ್ರಪಟ ತೋರಿಸಲು ಹಿಂಜರಿದರು. ಮೆಕೆಂಜಿ ಅವರ ಕಡೆಯವರು ಕಳಿಸಿದ ವರದಿಗಳಲ್ಲಿ ಈ ಭಯದ ಮಾತು ಮತ್ತೆ ಮತ್ತೆ ಬರುತ್ತದೆ. ಜನರ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ಭೂಮಿಯ ಹಕ್ಕು ಯಾರದ್ದು ಅನ್ನುವುದು ಕಂಪನಿಗೆ ನಿಜಕ್ಕೂ ಬೇಕಿದ್ದ ವಿಷಯ. ಶಾಸನಗಳಿಂದ ಅದು ತಿಳಿಯುತ್ತದೆ ಅಂತ ಮೆಕೆಂಜಿ ಅವರೇ ಬರೆದಿದ್ದಾರೆ.

ಇನ್ನು ಕೆಲವರು ಇದಕ್ಕೆ ತಿರುಗುಮುರುಗಾಗಿ ಯೋಚಿಸಿದರು. ಅಧಿಕಾರ ಕಳೆದುಕೊಂಡ ಪಾಳೆಯಗಾರರ ಮನೆಯವರು, ಗೌಡಿಕೆಗೆ ಜಗಳ ಆಡುತ್ತಿದ್ದವರು, ಮಠದವರು. ಸಾಹೇಬರ ಪುಸ್ತಕದಲ್ಲಿ ನಮ್ಮ ಹೆಸರು ಬಂದರೆ ನಾಳೆ ಏನಾದರೂ ದಕ್ಕೀತು ಅಂತ ತಮ್ಮ ವಂಶದ ಕಥೆಯನ್ನು ಸ್ವಲ್ಪ ಎತ್ತರಿಸಿಯೇ ಹೇಳಿದರು. ಆದ್ದರಿಂದ ಕೈಫಿಯತ್ತು ಅಂದರೆ ಬರೀ ನೆನಪಲ್ಲ, ಅರ್ಜಿಯೂ ಹೌದು. ಓದುವಾಗ ಇದನ್ನು ತಲೆಯಲ್ಲಿ ಇಟ್ಟುಕೊಂಡೇ ಓದಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಈ ಸಂಗ್ರಹದಲ್ಲಿ ಕೆಳದಿ ಅರಸರ ವಂಶಾವಳಿ ಇದೆ. ಕೆಳದಿಯ ಮೂಲದ ಕಥೆ ಮಲೆನಾಡಿನವರಿಗೆ ಗೊತ್ತೇ ಇರುತ್ತದೆ. ಚೌಡಪ್ಪ, ಭದ್ರಪ್ಪ ಅಂತ ಅಣ್ಣತಮ್ಮಂದಿರು. ಅವರ ಮನೆಯ ಹಸು ಒಂದು ಹುತ್ತದ ಮೇಲೆ ಹಾಲು ಕರೆಯುತ್ತದೆ. ಅಗೆದು ನೋಡಿದರೆ ಲಿಂಗ. ಆಮೇಲೆ ಹೊಲದಲ್ಲಿ ನಿಧಿ ಸಿಗುತ್ತದೆ. ನಿಧಿ ಬೇಕಾದರೆ ನರಬಲಿ ಬೇಕು. ಮನೆಯ ಆಳುಗಳಾದ ಯಾದವ, ಮುರಾರಿ ಇಬ್ಬರೂ ತಾವಾಗಿ ತಲೆ ಕೊಡುತ್ತಾರೆ. ಆ ಹಣದಿಂದ ಪಡೆ ಕಟ್ಟಿ ಅಣ್ಣತಮ್ಮಂದಿರು ನಾಯಕರಾಗುತ್ತಾರೆ, ವಿಜಯನಗರದ ಮನ್ನಣೆ ಪಡೆಯುತ್ತಾರೆ.

ಹುತ್ತದ ಮೇಲೆ ಹಸು ಹಾಲು ಕರೆದ ಕಥೆ ನೂರು ಊರಲ್ಲಿ ಇದೆ. ಮೊಲ ನಾಯಿಯನ್ನು ಅಟ್ಟಿದ ಜಾಗದಲ್ಲಿ ಕೋಟೆ ಕಟ್ಟಿದ ಕಥೆಯೂ ಅಷ್ಟೇ. ಇದನ್ನು ನೋಡಿ ಎಲ್ಲಾ ಕಟ್ಟುಕಥೆ ಅಂತ ಪುಸ್ತಕ ಮುಚ್ಚುವವರಿದ್ದಾರೆ. ನನಗೆ ಅದು ಆತುರದ ತೀರ್ಮಾನ ಅನ್ನಿಸುತ್ತದೆ. ಯಾದವ ಮುರಾರಿಯರ ಭಾಗವನ್ನೇ ನೋಡಿ. ಒಕ್ಕಲು ಮನೆತನವೊಂದು ಅರಸು ಮನೆತನ ಆಗುವಾಗ ಆಳುಗಳ ರಕ್ತ ಬಿದ್ದಿದೆ ಅನ್ನುವ ಮಾತನ್ನು ಅರಸರ ವಂಶಾವಳಿಯೇ ಮರೆಯದೆ ಹೇಳುತ್ತಿದೆ. ಯಾವ ತಾಮ್ರಶಾಸನದಲ್ಲೂ ಇದು ಸಿಗುವುದಿಲ್ಲ. ಇನ್ನೊಂದು ವಿಷಯ. ಕೈಫಿಯತ್ತುಗಳಲ್ಲಿ ಕಥೆಯ ಭಾಗ ಮೊದಲಿಗೆ ಮಾತ್ರ. ಕೆಳಗೆ ಬರಬರುತ್ತಾ ನೆಲಕ್ಕೆ ಇಳಿಯುತ್ತವೆ: ಇಂಥವರು ಕೆರೆ ಕಟ್ಟಿಸಿದರು, ಪೇಟೆ ಹಾಕಿಸಿದರು, ಇಷ್ಟು ಕಾಣಿಕೆ ಕೊಡುತ್ತಿದ್ದರು. ಹೈದರ್ ಕೆಳದಿಯವರ ರಾಜಧಾನಿ ಬಿದನೂರನ್ನು ತೆಗೆದುಕೊಂಡದ್ದು 1763ರಲ್ಲಿ, ಚಿತ್ರದುರ್ಗವನ್ನು 1779ರಲ್ಲಿ. ಸರ್ವೆ ನಡೆಯುವಾಗ ಆ ದಿನಗಳನ್ನು ಕಣ್ಣಾರೆ ಕಂಡ ಮುದುಕರು ಬದುಕಿದ್ದರು. ಅವರು ಹೇಳಿದ್ದನ್ನು ಅವರ ಭಾಷೆಯಲ್ಲೇ ಬರೆದುಕೊಂಡ ಕಾಗದ ನಮ್ಮ ಹತ್ತಿರ ಇದೆ. ಆ ಹತ್ತು ವರ್ಷ ತಪ್ಪಿ ಹೋಗಿದ್ದರೆ ಆ ಬಾಯಿಗಳು ಮತ್ತೆ ಸಿಗುತ್ತಿರಲಿಲ್ಲ.

ಇದೇ ಕಾಲದಲ್ಲಿ ಮೈಸೂರಿನ ರೆಸಿಡೆಂಟ್, ಅಂದರೆ ಅಲ್ಲಿ ಕಂಪನಿಯ ಪ್ರತಿನಿಧಿ ಆಗಿದ್ದ ಮಾರ್ಕ್ ವಿಲ್ಕ್ಸ್ ಮೂರು ಸಂಪುಟದ ಮೈಸೂರು ಚರಿತ್ರೆ ಬರೆದರು. 1810ರಿಂದ 1817ರ ಒಳಗೆ ಅವು ಲಂಡನ್ನಿನಲ್ಲಿ ಅಚ್ಚಾದವು. ಮೆಕೆಂಜಿ ಕೂಡಿಸಿದ ಕಾಗದಗಳು ಅವರಿಗೆ ಬಹಳ ಉಪಯೋಗವಾದವು. ವಿಲ್ಕ್ಸ್ ಬರೆದದ್ದು ಗೆದ್ದವರ ಕಡೆಯಿಂದ ನೋಡಿದ ಚರಿತ್ರೆ, ಅದರಲ್ಲಿ ಹೈದರ್ ಮತ್ತು ಟಿಪ್ಪು ಹೇಗೆ ಕಾಣುತ್ತಾರೆ ಅನ್ನುವುದು ಗೊತ್ತೇ ಇದೆ. ಮೆಕೆಂಜಿ ಅಂಥ ಪುಸ್ತಕ ಬರೆಯಲಿಲ್ಲ. ಬರೆಯುವ ಆಸೆ ಇತ್ತು, ಕೊನೇಪಕ್ಷ ಇಡೀ ಸಂಗ್ರಹಕ್ಕೆ ವಿವರವಾದ ಸೂಚಿ ಮಾಡಬೇಕು ಅಂತಿತ್ತು. ಕೈಗೂಡಲಿಲ್ಲ. ಇದನ್ನು ಅವರ ಸೋಲು ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವರು ಪುಸ್ತಕ ಬರೆದಿದ್ದರೆ ಅದು ಆ ಕಾಲದ ಒಬ್ಬ ಕಂಪನಿ ಅಧಿಕಾರಿಯ ಅಭಿಪ್ರಾಯ ಆಗುತ್ತಿತ್ತು. ಬರೆಯದೆ ಹೋದದ್ದರಿಂದ ಮೂಲ ಕಾಗದಗಳು ಯಾರದೋ ವಾದಕ್ಕೆ ತಕ್ಕಂತೆ ಕತ್ತರಿಸಿಕೊಳ್ಳದೆ ಇದ್ದ ಹಾಗೇ ನಮ್ಮ ಕೈಗೆ ಬಂದಿವೆ.

ಮೈಸೂರಿನ ಆಚೆಗಿನ ಅವರ ಬದುಕನ್ನು ಬೇಗ ಹೇಳಿಬಿಡುತ್ತೇನೆ. ಆಂಧ್ರದ ಅಮರಾವತಿಯ ಬೌದ್ಧ ಸ್ತೂಪದ ಕೆತ್ತನೆಗಳ ಮಹತ್ವ ಮೊದಲು ಕಂಡವರು ಅವರು. 1798ರಲ್ಲಿ ಒಮ್ಮೆ, 1816ರಲ್ಲಿ ಇನ್ನೊಮ್ಮೆ ಹೋದರು. ಎರಡನೆಯ ಸಲ ಹೋಗುವಷ್ಟರಲ್ಲಿ ಸ್ತೂಪ ಬಹಳ ಹಾಳಾಗಿತ್ತು. ಅವರ ತಂಡ ಮಾಡಿದ ರೇಖಾಚಿತ್ರಗಳೇ ಈಗ ದೊಡ್ಡ ಆಧಾರ. ಹಂಪಿಯ ಮೊದಲ ನಕ್ಷೆಯೂ ಅವರದೇ, 1799ರದು. 1811ರಲ್ಲಿ ಜಾವಾ ದಂಡಯಾತ್ರೆಗೆ ಹೋದರು. ಅಲ್ಲೂ ಡಚ್ಚರ ಕಾಗದಪತ್ರ ಹುಡುಕಿದರು, ಅಲ್ಲೇ ಮದುವೆಯೂ ಆದರು. ಅವರು ಇಲ್ಲದ ವರ್ಷಗಳಲ್ಲಿ ಮದ್ರಾಸಿನಲ್ಲಿ ಕೆಲಸ ನಿಲ್ಲದ ಹಾಗೆ ನೋಡಿಕೊಂಡವರು ಲಕ್ಷ್ಮಯ್ಯ. 1815ರಲ್ಲಿ ಮೆಕೆಂಜಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದರು. ಎರಡು ವರ್ಷದ ಮೇಲೆ ಕಲ್ಕತ್ತಕ್ಕೆ ಹೋದಾಗ ಸಂಗ್ರಹವನ್ನೂ ಹೊತ್ತುಕೊಂಡು ಹೋದರು. ಲಕ್ಷ್ಮಯ್ಯ ಮತ್ತು ಇನ್ನು ಕೆಲವರು ಮನೆ ಬಿಟ್ಟು ಅಷ್ಟು ದೂರ ಜೊತೆಗೆ ಹೋದರು. 1821ರ ಮೇ 8ರಂದು ಮೆಕೆಂಜಿ ತೀರಿಕೊಂಡರು. ಸಮಾಧಿ ಕಲ್ಕತ್ತದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ.

1816ರಲ್ಲಿ ಥಾಮಸ್ ಹಿಕ್ಕಿ ಎಂಬ ಕಲಾವಿದ ಬರೆದ ಅವರ ಒಂದು ಚಿತ್ರ ಲಂಡನ್ನಿನಲ್ಲಿದೆ. ಕೆಂಪು ಕೋಟು ಹಾಕಿದ ಮೆಕೆಂಜಿ ನಡುವೆ ನಿಂತಿದ್ದಾರೆ. ಸುತ್ತ ಮೂವರು ಭಾರತೀಯರು. ಒಬ್ಬರ ಕೈಯಲ್ಲಿ ದುರ್ಬೀನು, ಇನ್ನೊಬ್ಬರ ಕೈಯಲ್ಲಿ ತಾಳೆಗರಿ. ದೂರದ ಬೆಟ್ಟದ ಮೇಲೆ ಗೊಮ್ಮಟನ ಮೂರ್ತಿ. ಆ ಕಾಲದ ಸಾಹೇಬರ ಚಿತ್ರಗಳಲ್ಲಿ ಭಾರತೀಯರು ಇರುತ್ತಾರೆ, ಆದರೆ ಕೊಡೆ ಹಿಡಿದವರಾಗಿ, ಹುಕ್ಕಾ ತಂದವರಾಗಿ. ಇಲ್ಲಿ ಅವರು ಓದುಬರಹದ ಜನರಾಗಿ, ಕೆಲಸದ ಪಾಲುದಾರರಾಗಿ ಇದ್ದಾರೆ.

ಮೆಕೆಂಜಿ ಹೋದ ಮೇಲೆ ಸಂಗ್ರಹದ ಗತಿ ಏನಾಯಿತು? ಅವರು ಇದಕ್ಕೆ ಸ್ವಂತ ಹಣ 15,000 ಪೌಂಡಿಗೂ ಜಾಸ್ತಿ ಸುರಿದಿದ್ದರು ಅನ್ನುತ್ತಾರೆ ಜಾನ್‌ಸ್ಟನ್. ಕಂಪನಿ ಸರ್ಕಾರ ಒಂದು ಲಕ್ಷ ರೂಪಾಯಿ, ಅಂದರೆ ಆಗಿನ 10,000 ಪೌಂಡು ಕೊಟ್ಟು ಅವರ ಹೆಂಡತಿಯಿಂದ ಕೊಂಡುಕೊಂಡಿತು. ಸಂಸ್ಕೃತ ವಿದ್ವಾಂಸ ಎಚ್. ಎಚ್. ವಿಲ್ಸನ್ ಅದಕ್ಕೊಂದು ಸೂಚಿ ಮಾಡಿ 1828ರಲ್ಲಿ ಪ್ರಕಟಿಸಿದರು. 1,568 ಸಾಹಿತ್ಯ ಹಸ್ತಪ್ರತಿ, 2,070 ಸ್ಥಳೀಯ ವೃತ್ತಾಂತಗಳು, 6,218 ನಾಣ್ಯ, ಸಾವಿರಾರು ರೇಖಾಚಿತ್ರ. ಆಮೇಲೆ ಸಂಗ್ರಹ ಒಡೆದು ಹೋಯಿತು. ಇಂಗ್ಲಿಷ್ ಅನುವಾದ, ಚಿತ್ರ, ನಕ್ಷೆಗಳು ಬಹುಪಾಲು ಲಂಡನ್ನಿಗೆ ಹೋದವು. ಕನ್ನಡ, ತೆಲುಗು, ತಮಿಳು, ಮರಾಠಿ ಕಾಗದಗಳು ಮದ್ರಾಸಿಗೆ ವಾಪಸು ಬಂದವು.

ಲಕ್ಷ್ಮಯ್ಯ ಆಗಿನ್ನೂ ಇದ್ದರು. ಸಂಗ್ರಹದ ಮೂಲೆಮೂಲೆಯೂ ಗೊತ್ತಿದ್ದ ಒಬ್ಬರೇ ಮನುಷ್ಯ. ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸುತ್ತೇನೆ, ಅವಕಾಶ ಕೊಡಿ ಅಂತ ಸರ್ಕಾರಕ್ಕೆ ಬರೆದುಕೊಂಡರು. ಅಭಿಪ್ರಾಯ ಕೇಳಲು ಅದು ಕಲ್ಕತ್ತದ ವಿದ್ವಾಂಸರ ಸಂಘವಾದ ಏಷಿಯಾಟಿಕ್ ಸೊಸೈಟಿಗೆ ಹೋಯಿತು. 1836ರಲ್ಲಿ ಅಲ್ಲಿಂದ ಬಂದ ಉತ್ತರ ಹೀಗಿತ್ತು: ಇಂಥ ಕೆಲಸಕ್ಕೆ ಬಿಡಿ ಸಂಗತಿಗಳನ್ನು ಕೂಡಿಸಿ ದೊಡ್ಡ ತೀರ್ಮಾನಕ್ಕೆ ಬರಬಲ್ಲ ತಲೆ ಬೇಕು. ಅದು ಈ ವ್ಯಕ್ತಿಗೆ, ಅಷ್ಟೇ ಏಕೆ, ಯಾವ ದೇಶೀಯನಿಗೂ ಇರುವ ಹಾಗೆ ಕಾಣುವುದಿಲ್ಲ. ಸೊಸೈಟಿಯ ಕಾರ್ಯದರ್ಶಿ ಜೇಮ್ಸ್ ಪ್ರಿನ್ಸೆಪ್, ಬ್ರಾಹ್ಮಿ ಲಿಪಿ ಓದಿದ ಪ್ರಿನ್ಸೆಪ್. ಅಂಥ ವಿದ್ವಾಂಸರಿದ್ದ ಕಡೆಯಿಂದಲೇ ಈ ಮಾತು ಬಂತು. ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ವರ್ಷಗಟ್ಟಲೆ ಅಣ್ಣತಮ್ಮಂದಿರು ದುಡಿದು ಕಟ್ಟಿದ ಸಂಗ್ರಹ. ಅದನ್ನು ಅರ್ಥ ಮಾಡಿಕೊಳ್ಳುವ ಯೋಗ್ಯತೆ ಅವರಿಗಿಲ್ಲ ಅಂತ ತೀರ್ಪು. ಕಾಗದಗಳನ್ನು ಪರಿಶೀಲಿಸುವ ಕೆಲಸ ವಿಲಿಯಂ ಟೇಲರ್ ಎಂಬ ಪಾದ್ರಿಗೆ ಹೋಯಿತು.

ಮೆಕೆಂಜಿ ನಂಬಿದವರನ್ನು ಅವರ ನಂತರದವರು ನಂಬಲಿಲ್ಲ. ವಸಾಹತು ಆಡಳಿತ ಬಲಿತ ಹಾಗೆಲ್ಲ ಈ ಅಹಂಕಾರವೂ ಬಲಿಯಿತು.

ಈ ಮದ್ರಾಸಿನ ಪಾಲು ಈಗ ಅಲ್ಲಿನ ಸರ್ಕಾರಿ ಓರಿಯೆಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು ಕರ್ನಾಟಕದ ಕೈಫಿಯತ್ತುಗಳು ಎಂಬ ಹೆಸರಿನಲ್ಲಿ ಪ್ರಕಟಿಸಿದೆ. ಭಾಷೆ ನೋಡಿ ಹೆದರಬೇಡಿ. ಅದು ಇನ್ನೂರು ವರ್ಷದ ಹಿಂದಿನ ಕಚೇರಿಯ ಕನ್ನಡ, ಮರಾಠಿ ಫಾರಸಿ ಮಾತು ಧಾರಾಳವಾಗಿ ಸೇರಿದೆ. ಕಾಗುಣಿತ ಊರಿಗೊಂದು ತರಹ, ಪೂರ್ಣವಿರಾಮ ಹುಡುಕಬೇಕು. ಜೋರಾಗಿ ಓದಿದರೆ ಅರ್ಥವಾಗುತ್ತದೆ, ಯಾಕೆಂದರೆ ಅದು ಯಾರೋ ಬಾಯಲ್ಲಿ ಹೇಳಿದ್ದು. ನಿಮ್ಮ ತಾಲ್ಲೂಕಿನ ಯಾವುದಾದರೂ ಕೈಫಿಯತ್ತು ಸಿಕ್ಕಿದರೆ ಮೊದಲು ಅದನ್ನೇ ಓದಿ. ಅದರಲ್ಲಿ ಬರುವ ಕೆರೆ, ಕಲ್ಲು, ಗುಡಿ ಈಗಲೂ ಇದೆಯಾ ಅಂತ ಹೋಗಿ ನೋಡಿ. ಕೈಫಿಯತ್ತು ಹೇಳುವುದಕ್ಕೂ ಊರಿನ ಹಿರಿಯರು ಈಗ ಹೇಳುವುದಕ್ಕೂ ಎಲ್ಲಿ ವ್ಯತ್ಯಾಸ ಇದೆಯೋ ಅದನ್ನು ಬರೆದಿಟ್ಟುಕೊಳ್ಳಿ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.